ಅವಳ ಹೆಸರು ಬಂದಾಗ ಅವನು ಎದ್ದು ಹೋದ

"ನನ್ನ ಮಣ್ಣೆಲ್ಲಿ?"

ದನಿ ಜೋರಾಗಿರಲಿಲ್ಲ. ಆದರೂ ವರಾಂಡದಲ್ಲಿ ಬಾವುಟ ಕಟ್ಟುತ್ತಿದ್ದವರೆಲ್ಲ ಕೈ ನಿಲ್ಲಿಸಿ ತಿರುಗಿ ನೋಡಿದರು.

ಏಣಿ ಹಿಡಿದು ನಿಂತಿದ್ದ ಎತ್ತರದ ಮನುಷ್ಯನೂ ನೋಡಿದ. ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಕೈಯಲ್ಲಿ ಖಾಲಿ ತಗಡಿನ ತಟ್ಟೆ, ಕಣ್ಣಲ್ಲಿ ಕೆಂಡ.

"ಯಾವ ಮಣ್ಣು ಮೇಡಂ?"

"ಈ ಗೋಡೆ ಪಕ್ಕ ತಟ್ಟೆಗಳಲ್ಲಿ ಒಣಗೋಕೆ ಇಟ್ಟಿದ್ನಲ್ಲ, ಆ ಮಣ್ಣು! ಒಂದೊಂದು ತಟ್ಟೆಗೂ ಚೀಟಿ ಅಂಟಿಸಿದ್ದೆ!"

ಅವನ ಕಣ್ಣು ತಾನಾಗಿಯೇ ವರಾಂಡದ ಉದ್ದಕ್ಕೂ ಸಾಲಾಗಿ ಜೋಡಿಸಿದ್ದ ಹೂಕುಂಡಗಳ ಕಡೆ ಹೋಯಿತು. ಹೊಸ ಕುಂಡ, ಹೊಸ ಗಿಡ, ಆಗಷ್ಟೇ ತುಂಬಿದ ಮಣ್ಣು.

ಅವಳೂ ಅತ್ತ ನೋಡಿದಳು.

"ಅಯ್ಯೋ... ಇಲ್ಲ ಅಂತ ಹೇಳಿ!"

"ನಾಳೆ ಹೊರದೇಶದವರು ಬರ್ತಿದಾರೆ. ಕುಂಡಕ್ಕೆ ಮಣ್ಣು ಸಾಲ್ದು ಅಂತ ತೋಟದವರು ಅಂದ್ರು. ಇಲ್ಲಿ ಸುಮ್ನೆ ಬಿದ್ದಿತ್ತು, ಹಾಕಿ ಅಂದೆ..."

"ಸುಮ್ನೆ ಬಿದ್ದಿತ್ತಾ? ಒಂದು ವರ್ಷ ಹೊಲ, ಗುಡ್ಡ, ಹೊಳೆ ದಂಡೆ ಎಲ್ಲ ಅಲೆದು ತಂದಿದ್ದು ರೀ ಅದು!"

ಅವರ ಮೊದಲ ಭೇಟಿ ಹೀಗಾಯಿತು. ಪ್ರೇಮ ಮೊಳೆಯಲು ಒಳ್ಳೆಯ ಗಳಿಗೆ ಎಂದು ಯಾವ ಜ್ಯೋತಿಷಿಯೂ ಹೇಳುವಂತಿರಲಿಲ್ಲ.

ಅವಳು ಆ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ವಿಜ್ಞಾನ ಕಲಿಸುತ್ತಿದ್ದಳು. ವಿದ್ಯಾರ್ಥಿಗಳು ಬೆನ್ನ ಹಿಂದೆ 'ಮಣ್ಣಮ್ಮ' ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಅವನು ಹೊಸದಾಗಿ ತೆರೆದ ಅಂತರರಾಷ್ಟ್ರೀಯ ವಿಭಾಗದ ನಿರ್ದೇಶಕ. ಅವನಿಗೂ ಹೆಸರಿಟ್ಟಾಗಿತ್ತು: 'ವಿಮಾನ'.

ಆ ವಿಭಾಗ ಹುಟ್ಟಿದ್ದೇ ಒಂದು ಕಥೆ. ಜಗತ್ತೆಲ್ಲ ಒಂದಾಗುತ್ತಿದೆ, ನಾವು ಮಾತ್ರ ಇದ್ದಲ್ಲೇ ಇದ್ದೇವೆ ಎಂದು ಕುಲಪತಿಗಳಿಗೆ ಯಾವುದೋ ಸಮ್ಮೇಳನದಲ್ಲಿ ಜ್ಞಾನೋದಯವಾಗಿತ್ತು. ಜಗತ್ತಿನ ವಿಶ್ವವಿದ್ಯಾಲಯಗಳ ಶ್ರೇಯಾಂಕದಲ್ಲಿ ತಮ್ಮದನ್ನು ಹುಡುಕಬೇಕಾದರೆ ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಬರಬೇಕಿತ್ತು. ಸರಿ, ಮೊದಲು ಹೆಬ್ಬಾಗಿಲಿನ ಫಲಕ ಬದಲಾಯಿತು. ಆಮೇಲೆ ವಿದೇಶಿ ವಿದ್ಯಾರ್ಥಿಗಳಿಗೆಂದು ಹಾಸ್ಟೆಲು ಎದ್ದಿತು. ವಿದ್ಯಾರ್ಥಿಗಳು ಮಾತ್ರ ಇನ್ನೂ ಬಂದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ! ಈ ಗದ್ದಲಕ್ಕೆಲ್ಲ ಒಬ್ಬ ಯಜಮಾನ ಬೇಕೆಂದು ಕೊನೆಗೆ ಅವನನ್ನು ಕರೆತಂದರು. ಬಂದ ವಾರದಲ್ಲೇ ಅವನು ಮಾಡಿದ ಘನಕಾರ್ಯ ಈ ಹೂಕುಂಡದ್ದು.

ಮಾರನೆಯ ದಿನ ಹೊರದೇಶದವರು ಬಂದರು, ಕುಂಡಗಳನ್ನು ಮೆಚ್ಚಿಕೊಂಡರು, ಹೋದರು.

ಆ ಭಾನುವಾರ ಬೆಳಿಗ್ಗೆ ಅವಳ ಮನೆಯ ಬಾಗಿಲು ಸದ್ದಾಯಿತು. ತೆರೆದರೆ ಅವನು! ಕಾಲಲ್ಲಿ ಮೊಣಕಾಲುದ್ದದ ರಬ್ಬರ್ ಬೂಟು, ಹೆಗಲಿಗೆ ಚೀಲ.

"ಎಲ್ಲೆಲ್ಲಿಂದ ತಂದಿದ್ರೋ ಹೇಳಿ. ಮತ್ತೆ ತರೋಣ."

"ನೀವಾ? ಅಗೀತೀರಾ?"

"ಕಲ್ತ್ಕೋತೀನಿ."

ಒಳಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅವಳ ಅಮ್ಮ ತಲೆಯೆತ್ತದೆ ಹೇಳಿದಳು: "ಕರ್ಕೊಂಡ್ ಹೋಗೇ. ತಪ್ಪು ಮಾಡ್ದೋನು ತಾನಾಗೇ ಬೂಟು ಹಾಕ್ಕೊಂಡು ಬರೋದು ನಾನಂತೂ ಇದೇ ಮೊದಲು ನೋಡಿದ್ದು."

ಹಾಗೆ ಶುರುವಾಯಿತು. ರಜೆ ಬಂದರೆ ಇಬ್ಬರೂ ಹೊರಡುವರು. ಅವನು ಮಣ್ಣು ಕೊರೆಯುವ ಸಲಾಕೆ ಹೊರುವನು, ಅವಳು ಜಾಗ ತೋರಿಸುವಳು. ಒದ್ದೆ ಮಣ್ಣನ್ನು ಹೆಬ್ಬೆರಳಿನಿಂದ ತೋರುಬೆರಳ ಮೇಲೆ ಒತ್ತುತ್ತ ಪಟ್ಟಿಯ ಹಾಗೆ ಎಳೆದರೆ, ಎಷ್ಟು ಉದ್ದ ಬಂದು ಮುರಿಯುತ್ತದೆ ಎಂಬುದರ ಮೇಲೆ ಜಿಗುಟೆಷ್ಟು, ಮರಳೆಷ್ಟು ಎಂದು ತಿಳಿಯುತ್ತದೆ. ಅದನ್ನು ಅವಳು ಕಲಿಸಿಕೊಟ್ಟಳು. ಅವನ ಪಟ್ಟಿ ಎಳೆಯುವ ಮೊದಲೇ ಮುರಿಯುತ್ತಿತ್ತು.

"ಅವಸರ ನಿಮಗೆ. ಮಣ್ಣು ನಿಮ್ಮ ವಿಭಾಗ ಅಲ್ಲ, ನಾಳೆಗೇ ಆಗ್ಬೇಕು ಅನ್ನೋಕೆ."

"ನಮ್ಮ ವಿಭಾಗದಲ್ಲಿ ನಿನ್ನೆಗೇ ಆಗ್ಬೇಕು ಮೇಡಂ."

ಅವಳು ನಕ್ಕಳು. ನಕ್ಕ ಮೇಲೆ, ಇಷ್ಟು ಸಲೀಸಾಗಿ ಯಾಕೆ ನಕ್ಕೆ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಒಪ್ಪಿಕೊಳ್ಳುವುದೊಂದು ಬಾಕಿ ಇತ್ತು.

ಇಷ್ಟರಲ್ಲಿ ವಿದೇಶಿ ವಿದ್ಯಾರ್ಥಿಗಳೂ ಬಂದರು. ಬೆರಳೆಣಿಕೆಯ ಮಂದಿ. ಅವರಿಗಾಗಿ ಪಾಠವೆಲ್ಲ ಇಂಗ್ಲಿಷಿನಲ್ಲೇ ಆಗಬೇಕೆಂದು ಮೇಲಿಂದ ಆಜ್ಞೆ ಬಂತು. ಅವಳ ಮೊದಲ ಇಂಗ್ಲಿಷ್ ಪಾಠದ ದಿನ ಅವನೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಬಂದವರೂ ಆಕಳಿಸಿದರು, ಇದ್ದವರೂ ಆಕಳಿಸಿದರು.

"ಹೇಗಿತ್ತು?" ಪಾಠ ಮುಗಿದ ಮೇಲೆ ಕೇಳಿದಳು. ಚೆನ್ನಾಗಿತ್ತು ಎಂದು ಸುಳ್ಳಾದರೂ ಹೇಳಬಾರದೇ ಎಂಬ ಆಸೆ.

"ಹೊರಗಿನವರಿಗೆ ಇದು ಸಾಲದು," ಎಂದ ಕಡ್ಡಿ ಮುರಿದ ಹಾಗೆ. "ನೀವು ಓದಿದ್ರಿ, ಪಾಠ ಮಾಡ್ಲಿಲ್ಲ. ಹೊಲದಲ್ಲಿ ನನಗೆ ಹೇಳಿಕೊಟ್ರಲ್ಲ, ಹಾಗೆ ಹೇಳಿ."

ನೊಂದ ಮನಸ್ಸು ಮಾತಿನ ಮೊದಲರ್ಧವನ್ನಷ್ಟೇ ಇಟ್ಟುಕೊಳ್ಳುತ್ತದೆ. 'ಸಾಲದು.' ಅದು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಸಿಟ್ಟಿಗೆ ಮರುವಾರ ಬಕೆಟ್ಟಿನಲ್ಲಿ ಮಣ್ಣು ಕಲಸಿಕೊಂಡು ತರಗತಿಗೆ ಹೋದಳು. ಎಲ್ಲರ ಕೈಗೂ ಒಂದೊಂದು ಉಂಡೆ ಕೊಟ್ಟು, ಎರಡು ಭಾಷೆಯಲ್ಲೂ ಬೈದು, ನಗಿಸಿ, ಕಲಿಸಿದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಅವತ್ತು ಅವನು ಅಲ್ಲಿರಲಿಲ್ಲ. ತರಗತಿಯ ಕ್ಯಾಮೆರಾ ಮಾತ್ರ ಇತ್ತು.

ಆಮೇಲೆ ಆ ಸುದ್ದಿ ಬಂತು.

ಒಪ್ಪಂದ ಮಾಡಿಕೊಂಡ ವಿದೇಶಿ ವಿಶ್ವವಿದ್ಯಾಲಯ ಒಬ್ಬ ಅಧ್ಯಾಪಕರನ್ನು ಎರಡು ವರ್ಷಕ್ಕೆ ತನ್ನಲ್ಲಿಗೆ ಕರೆಯುತ್ತಿತ್ತು. ಅಲ್ಲೊಂದು ಮಣ್ಣಿನ ಪ್ರಯೋಗಾಲಯವಿತ್ತು. ಅವಳು ವಿದ್ಯಾರ್ಥಿನಿಯಾಗಿದ್ದಾಗಿನಿಂದ ಪುಸ್ತಕದಲ್ಲಿ ಅದರ ಚಿತ್ರ ನೋಡಿ ನಿಟ್ಟುಸಿರು ಬಿಟ್ಟವಳು.

ಹೊಳೆ ದಂಡೆಯಲ್ಲಿ ಕೈ ತೊಳೆಯುತ್ತ ಅವನನ್ನು ಕೇಳಿದಳು.

"ನಾನು ಅರ್ಜಿ ಹಾಕ್ಲಾ?"

ಅವನ ಕೈ ನೀರಿನಲ್ಲೇ ನಿಂತಿತು. ಮುಖದಲ್ಲಿ ಏನೋ ಬಂದು ಹೋಯಿತು.

"ಹಾಕಿ. ಖಂಡಿತ ಹಾಕಿ."

ಅಷ್ಟೇ! 'ಎರಡು ವರ್ಷವಾ?' ಎಂದಾದರೂ ಕೇಳಬಹುದಿತ್ತಲ್ಲ... ಒಂದು ಸಲ, ಸುಮ್ಮನೆ ಬಾಯಿಮಾತಿಗಾದರೂ 'ಬೇಡ' ಅನ್ನಬಹುದಿತ್ತಲ್ಲ...

ಅರ್ಜಿ ಹಾಕಿದಳು. ಮರುದಿನದಿಂದ ಅವನು ಮಾತು ಬಿಟ್ಟ.

ರಜೆಗೆ ಬರಲಿಲ್ಲ. ಕರೆ ಮಾಡಿದರೆ ಎತ್ತಲಿಲ್ಲ. ಕ್ಯಾಂಟೀನಿನಲ್ಲಿ ಎದುರಾದರೆ ತಲೆ ಬಗ್ಗಿಸಿ ಅರ್ಧ ಕುಡಿದ ಚಹಾ ಬಿಟ್ಟು ಹೊರಟ. ಮೊದಲು ಅವಳಿಗೆ ಗಾಬರಿಯಾಯಿತು, ಆಮೇಲೆ ಅಳು ಬಂತು, ಕೊನೆಗೆ ಸಿಟ್ಟು. ಮನುಷ್ಯರು ಸಾಮಾನ್ಯವಾಗಿ ಈ ಕ್ರಮದಲ್ಲೇ ಹೋಗುತ್ತಾರೆ.

ಆಯ್ಕೆ ಸಮಿತಿ ಸೇರಿದ ದಿನ ಸಂಜೆ, ರಸಾಯನ ವಿಜ್ಞಾನದ ಗೆಳತಿ ಓಡಿಬಂದಳು. ವಿಶ್ವವಿದ್ಯಾಲಯದ ಗಾಳಿಸುದ್ದಿಗೆಲ್ಲ ಅವಳದ್ದೇ ಕಿಟಕಿ.

"ಕೂತ್ಕೋ ಕಣೇ. ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ..."

"ಹೇಳು. ಹೇಳ್ದೆ ಇದ್ರೆ ನಿನಗೇ ಹೊಟ್ಟೆ ಉಬ್ಬುತ್ತೆ."

"ಸಭೆಗೆ ಚಹಾ ಕೊಡೋಕೆ ಹೋದವನು ಗಾಜಿನ ಬಾಗಿಲಾಚೆಯಿಂದ ಕಣ್ಣಾರೆ ನೋಡಿದ್ನಂತೆ. ಪರದೆ ಮೇಲೆ ನಿನ್ನ ಹೆಸರು, ಫೋಟೋ ಬಂತಂತೆ. ಬಂದ ತಕ್ಷಣ ನಿಮ್ಮ ವಿಮಾನ ಎದ್ದು ನಿಂತು, ಏನೋ ಎರಡು ಮಾತು ಅಂದು, ಕುರ್ಚಿ ತಳ್ಳಿ ಹೊರಗೆ ನಡೆದೇಬಿಟ್ನಂತೆ! ಒಳಗಿದ್ದವರೆಲ್ಲ ಬಾಯಿ ಬಿಟ್ಕೊಂಡು ಕೂತಿದ್ರಂತೆ."

ಅವಳಿಗೆ ಹಳೆಯ ಮಾತು ಮತ್ತೆ ಚುಚ್ಚಿತು.

'ಸಾಲದು' ಅಂದವನು. ಈಗ ನನ್ನ ಹೆಸರು ಕೇಳಿದರೇ ಕೂರಲಾರದಷ್ಟು...

"ಇನ್ಯಾರ ಹೆಸರಿಗಾದ್ರೂ ಎದ್ದು ಹೋದ್ರಾ?"

"ಇಲ್ಲ ಕಣೇ... ನಿನ್ನೊಬ್ಬಳದಕ್ಕೇ."

ಅದಾದ ಮೇಲೆ ಬಂದ ಫಲಿತಾಂಶ ಯಾರೂ ಎಣಿಸಿದಂತಿರಲಿಲ್ಲ. ಆಯ್ಕೆಯಾದವಳು ಅವಳೇ! ಒಪ್ಪಿಗೆಯೋ ಇಲ್ಲವೋ, ಮರುದಿನ ಸಂಜೆಯೊಳಗೆ ಸಮಿತಿಯ ಅಧ್ಯಕ್ಷೆಗೆ ತಿಳಿಸಬೇಕು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಮ್ಮನ ಮುಂದೆ ಕುಳಿತಳು.

"ನಾನು ಹೋಗಲ್ಲಮ್ಮ."

ಯಂತ್ರ ನಿಂತಿತು. "ಚಿಕ್ಕಂದಿನಿಂದ ಮಣ್ಣು ಮಣ್ಣು ಅಂತ ಬಡ್ಕೊಂಡಿದ್ದು ಇದಕ್ಕೇನಾ?"

"ಅಲ್ಲಿಗೆ ಹೋದ್ರೂ ಎರಡು ವರ್ಷ ನನ್ನ ಕೆಲಸ ಎಲ್ಲ ಅವರ ವಿಭಾಗದ ಕೈಲೇ ಇರುತ್ತೆ. ನಾನು ಯೋಗ್ಯಳಲ್ಲ ಅಂತ ಸಭೆ ಬಿಟ್ಟು ಎದ್ದು ಹೋದವರ ಮುಂದೆ ದಿನಾ ಕೈಕಟ್ಟಿ ನಿಲ್ಲಲಾ?"

"ಅವನು ಹಾಗಂದದ್ದು ನೀನು ಕೇಳಿಸ್ಕೊಂಡ್ಯಾ?"

"ಎಲ್ಲರೂ ಹೇಳ್ತಿದಾರೆ."

ಅಮ್ಮ ಹಲ್ಲಿನಿಂದ ದಾರ ಕಡಿದಳು. "ಸಿಟ್ಟಲ್ಲಿ ಕೊಯ್ದ ಮೂಗು ಶಾಂತ ಆದ್ಮೇಲೆ ವಾಪಸ್ ಬರಲ್ಲ ಮಗಳೇ. ಮೂಗು ನಿಂದು. ಯೋಚ್ನೆ ಮಾಡು."

ಯೋಚನೆ ಮಾಡಿದಳು. ಯೋಚನೆ ಮಾಡಿದಷ್ಟೂ ಅಳು ಬಂತು. ಪ್ರಯೋಗಾಲಯ ಕೈ ತಪ್ಪುವುದಕ್ಕೆ ಅಷ್ಟು ಅಳು ಬೇಕಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅವನು ತನ್ನನ್ನು ಪ್ರೀತಿಸದಿದ್ದರೆ ಹೋಗಲಿ... ಇಷ್ಟು ಕೀಳಾಗಿ ಕಂಡನಲ್ಲ!

ಮರುದಿನ ಮಧ್ಯಾಹ್ನ ಅವಳು ಅಧ್ಯಕ್ಷೆಯ ಕೋಣೆಗೆ ಹೋದಳು. ಗಣಿತದ ಹಿರಿಯ ಪ್ರಾಧ್ಯಾಪಕಿ ಆಕೆ. ಎಲ್ಲರ ಬಾಯಲ್ಲೂ ಲೆಕ್ಕದಮ್ಮ. ನಿವೃತ್ತಿಗೆ ಹತ್ತಿರವಿದ್ದುದರಿಂದ ಯಾರಿಗೂ ಹೆದರುತ್ತಿರಲಿಲ್ಲ. ಅದಕ್ಕೆ ಮುಂಚೆಯೂ ಹೆದರುತ್ತಿರಲಿಲ್ಲ.

"ಮೇಡಂ, ನಾನು ಹೋಗಲ್ಲ. ಬೇರೆಯವರನ್ನ ಕಳಿಸಿ."

ಲೆಕ್ಕದಮ್ಮ ಕನ್ನಡಕ ಹಣೆಗೇರಿಸಿದರು. "ಕಾರಣ?"

"ನಿರ್ದೇಶಕರಿಗೆ ನಾನು ಹೋಗೋದು ಇಷ್ಟ ಇಲ್ಲ. ನನ್ನ ಹೆಸರು ಬಂದ ತಕ್ಷಣ ಎದ್ದು ಹೋದ್ರಂತಲ್ಲ."

"ಎದ್ದು ಹೋಗಿದ್ದು ನಿಜ."

ಕೊನೆಯ ಆಸೆಯೂ ಹೋಯಿತು. ಅವಳು ತುಟಿ ಕಚ್ಚಿದಳು.

"ಯಾಕೆ ಹೋದ ಅಂತ ಕೇಳಿದ್ಯಾ?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಮೇಡಂ?"

ಲೆಕ್ಕದಮ್ಮ ಅವಳನ್ನೇ ದಿಟ್ಟಿಸಿ ನೋಡಿದರು. ಆಮೇಲೆ ನಗಲು ಶುರುಮಾಡಿದವರು ಕೆಮ್ಮು ಬರುವವರೆಗೂ ನಕ್ಕರು.

"ಅಯ್ಯೋ ಪೆದ್ದೀ... ಆ ವಿದೇಶದವರು ಒಂದು ಷರತ್ತು ಹಾಕಿದ್ರು ಕಣಮ್ಮ. ಅಭ್ಯರ್ಥಿ ತಮ್ಮ ನೆಂಟರಾಗಿದ್ರೆ, ಬೇಕಾದವರಾಗಿದ್ರೆ, ಸಮಿತಿಯವರು ಅದನ್ನ ಬಾಯಿಬಿಟ್ಟು ಹೇಳಿ ಹೊರಗೆ ಹೋಗ್ಬೇಕು. ಅರ್ಜಿ ಬಂದ ದಿನದಿಂದ ಅಭ್ಯರ್ಥಿ ಉತ್ತರ ಕೊಡೋವರೆಗೂ ಅವರ ಜೊತೆ ಮಾತುಕತೆ ಇಟ್ಕೋಬಾರ್ದು. ಒಳಗೆ ಹೇಳಿದ್ದನ್ನ ಫಲಿತಾಂಶ ಬರೋ ತನಕ ಯಾರೂ ಹೊರಗೆ ಹೇಳಬಾರ್ದು."

ಅವಳಿಗೆ ಅರ್ಥವಾಗಲಿಲ್ಲ. ಅವಳ ತಪ್ಪೂ ಅಲ್ಲ. ಆ ವಿಶ್ವವಿದ್ಯಾಲಯದಲ್ಲಿ ಅಳಿಯನ ಹೆಸರು ಬಂದರೆ ಮಾವನಾದವನು ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಳ್ಳುವುದು ರೂಢಿ. ಬೇಕಾದವರಿಗಾಗಿ ಯಾರಾದರೂ ಎದ್ದು ಹೊರಗೆ ಹೋದದ್ದನ್ನು ಅಲ್ಲಿಯ ಗೋಡೆಗಳೂ ಕಂಡಿರಲಿಲ್ಲ. ಎದ್ದು ಹೋದರೆ ಅಲ್ಲಿ ಒಂದೇ ಅರ್ಥ: ಸಿಟ್ಟು.

"ಆ ನಿಯಮ ಇಲ್ಲಿಗೆ ತಂದೋನೂ ಅವನೇ, ಮೊದಲು ಸಿಕ್ಕಿಬಿದ್ದೋನೂ ಅವನೇ," ಎಂದರು ಲೆಕ್ಕದಮ್ಮ. "ಎದ್ದು ನಿಂತು ಏನಂದ ಗೊತ್ತಾ? 'ಇವರ ವಿಷಯದಲ್ಲಿ ನ್ಯಾಯ ಹೇಳೋಕೆ ನನ್ನಿಂದಾಗಲ್ಲ. ನನಗೆ ಇವರ ಮೇಲೆ ಮನಸ್ಸಿದೆ. ಅದು ಅವರಿಗೆ ಗೊತ್ತಿಲ್ಲ' ಅಂದ. ಅಂದು ಹೊರಟ. ಇತಿಹಾಸದ ಮೇಷ್ಟ್ರು ಬಾಯಿಗಿಟ್ಟ ಬಿಸ್ಕತ್ತು ಅಗಿಯೋದನ್ನೇ ಮರೆತ್ರು!"

ಕೋಣೆಯ ಫ್ಯಾನು ತಿರುಗುತ್ತಿತ್ತು. ಅವಳು ಕುರ್ಚಿಯ ಕೈ ಹಿಡಿದುಕೊಂಡಳು.

ನನಗೆ ಇವರ ಮೇಲೆ ಮನಸ್ಸಿದೆ...

"ನಿಮಗೆಲ್ಲ... ನಿಮಗೆಲ್ಲ ಗೊತ್ತಿತ್ತಾ?"

"ಏಳು ಜನಕ್ಕೆ ಗೊತ್ತಿತ್ತು. ಈ ವಿಶ್ವವಿದ್ಯಾಲಯ ಹುಟ್ಟಿದಾಗಿಂದ ಯಾರಾದರೂ ಒಂದು ಗುಟ್ಟು ಕಾಪಾಡಿದ್ರೆ ಅದು ಇದೊಂದೇ. ಅದಕ್ಕೇ ಚಹಾದವನ ಸುದ್ದಿ ಗೆದ್ದಿದ್ದು." ಅವರ ದನಿ ಮೆತ್ತಗಾಯಿತು. "ಅವನು ಹೊರಗಿದ್ದಾಗಲೇ ನಿನ್ನ ಆರಿಸಿದ್ದು. ಬಕೆಟ್ ತಗೊಂಡು ಪಾಠ ಮಾಡಿದ್ಯಲ್ಲ, ಅದರ ವಿಡಿಯೋ ಹಾಕಿದ್ವಿ. ಆ ಕಡೆಯವರು ಇನ್ನೊಂದು ಸಲ ಹಾಕಿ ಅಂದ್ರು. ಇದು ನಿನ್ನದೇ ಗೆಲುವು. ಈಗ ಹೇಳು, ಹೋಗ್ತೀಯೋ ಇಲ್ವೋ?"

ಅವಳು ಉತ್ತರ ಹೇಳಿದಳು. ಹೇಳಿ ಹೊರಬಿದ್ದವಳು ನಡೆಯಲಿಲ್ಲ, ಓಡಿದಳು. ಕಾರಿಡಾರಿನಲ್ಲಿ ವಿದ್ಯಾರ್ಥಿಗಳು "ಮಣ್ಣಮ್ಮ ಓಡ್ತಿದಾರೆ!" ಎಂದದ್ದು ಕಿವಿಗೆ ಬಿತ್ತು. ಬೀಳಲಿ.

ಅವನು ಅತಿಥಿಗೃಹದಲ್ಲಿದ್ದ. ಇನ್ನೊಂದು ದೇಶದವರು ಬರುವವರಿದ್ದರು. ಬಿಸಿನೀರು ಬರುತ್ತದೋ ಇಲ್ಲವೋ ಎಂದು ಮೇಲಿನ ಮಹಡಿಯ ಸ್ನಾನದ ಮನೆಯ ನಲ್ಲಿಯನ್ನು ಬಕೆಟ್ಟಿಗೆ ಬಿಟ್ಟು, ಕೈಯೊಡ್ಡಿ ನಿಂತಿದ್ದ. ತೋಳು ಮಡಚಿದ ಅಂಗಿ ಅರ್ಧ ಒದ್ದೆಯಾಗಿತ್ತು. ಜಾಗತೀಕರಣ ಎಂದು ಕುಲಪತಿಗಳು ಕರೆಯುತ್ತಿದ್ದುದರ ಬಹುಪಾಲು ಕೆಲಸ ಇಂಥದ್ದೇ.

ಅವಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ.

"ನೀವು ಉತ್ತರ ಕೊಟ್ರಾ? ಕೊಟ್ಟಿಲ್ಲ ಅಂದ್ರೆ ನಾನು ನಿಮ್ಮ ಹತ್ರ ಮಾತಾಡೋ ಹಾಗಿಲ್ಲ."

"ಕೊಟ್ಟೇ ಬಂದೆ."

"ಏನಂತ?"

"ಹೋಗ್ತೀನಿ ಅಂತ."

ಅವನ ಮುಖ ಅರಳಿತು. ಅರಳಿದ ಹಿಂದೆಯೇ ಬಾಡಿತು. ಎರಡನ್ನೂ ಅವಳು ನೋಡಿದಳು. ಇಷ್ಟು ದಿನ ತಾನು ನೋಡದೆ ಹೋದದ್ದು ಇದೇ ಅಲ್ಲವೇ ಎನ್ನಿಸಿತು.

"ಒಳ್ಳೇದಾಯ್ತು," ಎಂದ. "ತುಂಬಾ ಒಳ್ಳೇದಾಯ್ತು."

"ಈಗ ಮಾತಾಡಬಹುದಾ?"

"ಮಾತಾಡಬಹುದು."

ಅವನು ಮತ್ತೆ ನಲ್ಲಿಯ ಕೆಳಗೆ ಕೈಯೊಡ್ಡಿದ.

"ಮಾತಾಡಿ ಮತ್ತೆ!" ಅವಳ ದನಿ ಒಡೆಯಿತು. "ಏಳು ಜನರ ಮುಂದೆ ಹೇಳಿದ್ದನ್ನ ನನಗೊಬ್ಬಳಿಗೆ ಹೇಳೋಕಾಗ್ಲಿಲ್ವಾ? ನನ್ನ ಕಂಡ್ರೆ ಅಸಹ್ಯ ನಿಮಗೆ ಅಂದ್ಕೊಂಡೆ. ಊಟ ಸೇರ್ಲಿಲ್ಲ ನನಗೆ... ಗೊತ್ತಾ?"

ಅವನು ಗೋಡೆಗೆ ಒರಗಿದ.

"ಹೇಳಿದ್ರೆ, ನೀವು ಗೆದ್ರೂ ನನ್ನಿಂದ ಗೆದ್ರು ಅಂತಿದ್ರು ಜನ. ಅದು ನಿಮ್ಮ ಬೆನ್ನಿಗೆ ಅಂಟ್ಕೊಂಡೇ ಬರ್ತಿತ್ತು."

"ಅವತ್ತು ಹೊಳೆ ಹತ್ರ ಬೇಡ ಅನ್ನಬಹುದಿತ್ತಲ್ಲ."

"ಅಂದಿದ್ರೆ ನೀವು ಹಾಕ್ತಿರ್ಲಿಲ್ಲ," ಎಂದ. "ಅದಕ್ಕೇ ಅನ್ನಲಿಲ್ಲ. ಎಷ್ಟು ಕಷ್ಟ ಆಯ್ತು ಅಂತ ಮಾತ್ರ ಕೇಳಬೇಡಿ."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಎಷ್ಟೋ ದಿನದಿಂದ ಎದೆಯಲ್ಲಿದ್ದ ಮುಳ್ಳು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ನನಗೂ ನಿಮ್ಮ ಮೇಲೆ ಮನಸ್ಸಿದೆ," ಎಂದಳು. "ಆ ಹಾಳು ರಬ್ಬರ್ ಬೂಟು ಹಾಕ್ಕೊಂಡು ಬಂದ ದಿನದಿಂದ."

ಅವನು ನಕ್ಕ. ನಗುತ್ತಲೇ ಅವನ ಕಣ್ಣೂ ಒದ್ದೆಯಾಯಿತು. ಬಿಸಿನೀರಿನ ಹಬೆ ಎಂದು ಹೇಳುವಂತಿರಲಿಲ್ಲ. ನಲ್ಲಿಯಲ್ಲಿ ಇನ್ನೂ ತಣ್ಣೀರೇ ಬರುತ್ತಿತ್ತು.

"ಎರಡು ವರ್ಷ..." ಎಂದಳು ಅವಳು.

"ಹೂಂ. ಎರಡು ವರ್ಷ."

"ನನ್ನ ಕೆಲಸದ ವರದಿ ಎಲ್ಲ ನಿಮ್ಮ ಸಮಿತಿ ಮುಂದೇ ಬರುತ್ತಲ್ಲ?"

"ಬರುತ್ತೆ. ಬಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗ್ತೀನಿ."

"ಪ್ರತಿ ಸಲ?"

"ಪ್ರತಿ ಸಲ."

"ಕಾರಣ ಬಾಯಿಬಿಟ್ಟು ಹೇಳಬೇಕಂತೆ. ಏನು ಹೇಳ್ತೀರಾ?"

ಅವನು ಅವಳನ್ನೇ ನೋಡಿದ. ಏಳು ಜನರ ಮುಂದೆ ತಡವರಿಸದವನು ಅವಳೊಬ್ಬಳ ಮುಂದೆ ತಡವರಿಸಿದ.

"ನನ್ನ... ನಾನು ಮದುವೆ ಆಗೋಳು ಅಂತ ಹೇಳಲಾ?"

ಬಕೆಟ್ಟು ತುಂಬಿ ನೀರು ಅವಳ ಕಾಲಿನವರೆಗೂ ಹರಿದು ಬಂದಿತ್ತು.

"ಮೊದಲು ಆ ನಲ್ಲಿ ನಿಲ್ಸಿ," ಎಂದಳು. "ಆಮೇಲೆ ಇನ್ನೊಂದ್ ಸಲ ಕೇಳಿ. ಸಭೆಯಲ್ಲಿ ಹೇಳೋಕಲ್ಲ, ನನಗೋಸ್ಕರ ಕೇಳಿ."

ಅವನು ನಲ್ಲಿ ನಿಲ್ಲಿಸಿದ. ಒದ್ದೆ ಕೈಯನ್ನು ಅಂಗಿಗೇ ಒರೆಸಿಕೊಂಡ. ಇನ್ನೊಂದು ಸಲ ಕೇಳಿದ.

"ಹೂಂ," ಎಂದಳು ಅವಳು.